ಆಯುಧಪೂಜೆಯ ಮರುದಿನದ ಅಲಾರಂ

ಕಳ್ಳ ನುಗ್ಗಿದರೆ ಕೂಗಬೇಕಾದ ಅಲಾರಂಗಳು ಪ್ರತಿವರ್ಷ ಆಯುಧಪೂಜೆ ಮುಗಿದ ಮೇಲೆಯೇ ಕೆಡುತ್ತವೆ. ಆ ಸಲ ಕರೆ ಬಂದದ್ದು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಿಂದ. ನಾನೂ ನನ್ನ ಸೀನಿಯರ್ ಮೇಡಮ್ಮೂ ರಿಪೇರಿಗೆ ಹೋದೆವು. ಓಡಾಟ ಗುರುತಿಸುವ ಸೆನ್ಸರ್‌ನ ಮುಂದೆ ಎಷ್ಟು ಕೈಯಾಡಿಸಿದರೂ ಅದರ ಕೆಂಪು ದೀಪ ಹೊತ್ತಲಿಲ್ಲ. ಏಣಿ ಹತ್ತಿದರೆ ಲೆನ್ಸಿನ ತುಂಬ ದಪ್ಪಗೆ ಗಂಧ, ನಡುವೆ ಕುಂಕುಮ. ನನಗೆ ರೇಗಿಹೋಯಿತು.

"ಇದಕ್ಕೆ ಯಾಕಮ್ಮಾ ಬಳಿದ್ರಿ?" ಎಂದು ಮಾಲಕಿಯನ್ನು ಕೇಳಿದೆ.

"ಹೊಲಿಗೆ ಮಿಷಿನ್‌ಗೆಲ್ಲಾ ಇಟ್ವಿ ಸಾರ್. ಅವನ್ನೆಲ್ಲಾ ಕಾಯೋದು ಇದು, ಇದೊಂದನ್ನ ಹೆಂಗೆ ಬಿಡೋದು?"

ನಾನು ಭಾಷಣ ಶುರುಮಾಡುವಷ್ಟರಲ್ಲಿ ಮೇಡಂ ನನ್ನನ್ನು ಕೆಳಗಿಳಿಸಿ ತಾವೇ ಏಣಿ ಹತ್ತಿದರು. ಒದ್ದೆ ಬಟ್ಟೆಯಲ್ಲಿ ಲೆನ್ಸನ್ನು ಮಗುವಿನ ಮುಖ ಒರೆಸುವ ಹಾಗೆ ಒರೆಸಿದರು. ಆಮೇಲೆ ಕುಂಕುಮದ ಬಟ್ಟಲು ಕೇಳಿ ಪಡೆದು, ಲೆನ್ಸಿಗಿಂತ ಮೇಲ್ಗಡೆ ಇದ್ದ ಬಿಳಿ ಪ್ಲಾಸ್ಟಿಕ್ಕಿಗೆ ಪುಟ್ಟ ಬೊಟ್ಟಿಟ್ಟರು.

"ನೀವು ಇಟ್ಟಿದ್ದು ಕಣ್ಣಿಗಮ್ಮಾ. ಹಣೆ ಇಲ್ಲಿದೆ ನೋಡಿ," ಎಂದರು.

ಮಾಲಕಿ ಕತ್ತೆತ್ತಿ ನೋಡಿ ಕೈ ಮುಗಿದರು. ಸೆನ್ಸರ್‌ಗೋ, ಮೇಡಮ್ಮಿಗೋ ತಿಳಿಯಲಿಲ್ಲ.

ಮುಂದಿನ ವರ್ಷ ಹಬ್ಬ ಮುಗಿದ ಮೇಲೆ ನಾನಾಗಿಯೇ ಅಲ್ಲಿಗೆ ಹೋದೆ. ಎಲ್ಲ ಸೆನ್ಸರ್‌ಗಳ ಹಣೆಯಲ್ಲೂ ಬೊಟ್ಟಿತ್ತು. ನಾನು ಬಾಗಿಲು ದಾಟಿದ್ದೇ ತಡ, ಕೆಂಪು ದೀಪ ಹೊತ್ತಿಕೊಂಡಿತು.