ತೌನೊನ ಸರದಿ

ಮಾರ್ಸೆಲ್‌ನ ಫೋನು ಬಂದಾಗ ಐಲಾ ಗಂಡನ ಗಡ್ಡ ಹೆರೆಯುತ್ತಿದ್ದಳು. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದಕ್ಕೆ ನೊರೆ ಹಚ್ಚಿತ್ತು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಮದುವೆಯಾದಾಗಿನಿಂದ ಅವಳು ಫೋನಿನಲ್ಲಿ ಆಡಿದ ಮಾತೆಲ್ಲ ಹೀಗೇ, ಎರಡೂ ಕೈಗೆ ಬೇರೆ ಕೆಲಸವಿದ್ದಾಗ.

"ಐಲಾ, ಈ ಸಲ ಡ್ರಾಫ್ಟ್ ಸಂಜೆ ನಮ್ಮನೇಲಿ ಇಟ್ಕೊಳೋಣ ಅಂತ ನಾನೂ ಬೊಹ್ದಾನೂ ಮಾತಾಡ್ಕೊಂಡ್ವಿ. ನಿಂಗ್ಯಾಕೆ ಸುಮ್ನೆ ತೊಂದ್ರೆ. ತೌನೊನ ಕುರ್ಚಿ ಖಾಲಿ ಇಡ್ತೀವಿ. ಅದರ ಮುಂದೆ ಒಂದು ಬಿಯರೂ ಇಡ್ತೀವಿ."

"ಹಾಗೆ ಇಡೋದು ಸತ್ತೋರಿಗೆ ಕಣೋ," ಎಂದಳು ಐಲಾ. "ಇವನಿನ್ನೂ ಇಲ್ಲೇ ಕೂತಿದಾನೆ. ಮುಖಕ್ಕೆ ಸೋಪು ಹಚ್ಚಿದೀನಿ."

ಆ ಕಡೆ ಮಾರ್ಸೆಲ್ ಗಂಟಲು ಸರಿಮಾಡಿಕೊಂಡ. ಕೆಟ್ಟ ಮನುಷ್ಯನಲ್ಲ. ಕಾಗದದ ಗಿರಣಿಯಲ್ಲಿ ತೌನೊನ ಪಕ್ಕದ ಯಂತ್ರದ ಮುಂದೆ ನಿಂತು ತಲೆ ಬೆಳ್ಳಗಾದವನು. "ಅವನಿಗೆ ಬೇಜಾರಾಗಬಾರದು ಅಂತ," ಎಂದ. "ನಾವಿಬ್ರೂ ಬಾಯಿ ಬಡ್ಕೊಳೋದು, ಅವನು ಸುಮ್ನೆ ನೋಡ್ತಾ ಕೂರೋದು..."

ತೌನೊ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ಡ್ರಾಫ್ಟ್ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು.

ಪ್ರತಿ ಜೂನ್‌ನಲ್ಲಿ ಐಸ್ ಹಾಕಿಯ ದೊಡ್ಡ ತಂಡಗಳು ಹದಿನೆಂಟರ ಹೊಸ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಆ ಸಂಜೆ ಒಂಟಾರಿಯೋದ ಉತ್ತರದಲ್ಲಿರುವ ಈ ನದಿದಂಡೆಯ ಊರಿನಲ್ಲಿ ಚರ್ಚಿನ ಗಾಯನ ಮಂಡಳಿಯೂ ಅಭ್ಯಾಸಕ್ಕೆ ಸೇರುವುದಿಲ್ಲ. ಊರಿನವರು ಮೆಚ್ಚುವ ತಂಡದ ನಗರ ದಕ್ಷಿಣಕ್ಕೆ ಒಂದು ಇಡೀ ಹಗಲಿನ ದಾರಿ. ಆದರೂ ಆ ತಂಡವನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, 'ನಮ್ಮವರು' ಎನ್ನುತ್ತಾರೆ. ಟೀವಿಯಲ್ಲಿ ನಮ್ಮವರ ಆಯ್ಕೆ ಬರುವ ಮೊದಲು ಹಳೆಯ ಗೆಳೆಯರಾದ ತೌನೊ, ಮಾರ್ಸೆಲ್, ಬೊಹ್ದಾನ್ ಮೂವರೂ ತಾವೇ ತಂಡದ ಯಜಮಾನರೆಂಬಂತೆ ಒಬ್ಬೊಬ್ಬ ಹುಡುಗನನ್ನು ಆರಿಸಬೇಕು. ಒಬ್ಬ ಆರಿಸಿದವನನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ಯಾರ ಹಳೆಯ ಆಯ್ಕೆಗಳು ಹೆಚ್ಚು ನೆಲಕಚ್ಚಿವೆಯೋ ಅವನಿಗೆ ಮೊದಲ ಸರದಿ. ಒಬ್ಬೊಬ್ಬರಿಗೆ ಐದೇ ನಿಮಿಷ. ಅದನ್ನು ಅಳೆಯುವುದು ಐಲಾಳ ಅಡುಗೆಮನೆಯ ಟೈಮರು. ಹಳದಿ ಕೋಳಿಯ ಆಕಾರದ್ದು, ಕತ್ತು ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ. ಕೋಳಿ ಕೂಗುವುದರೊಳಗೆ ಹೆಸರು ಹೇಳದವನ ಸರದಿ ಹೋದಂತೆ.

ಹೋದ ಶರತ್ಕಾಲದಲ್ಲಿ ಸೌನಾಕ್ಕೆ, ಅಂದರೆ ಹಬೆಸ್ನಾನದ ಕೋಣೆಗೆ, ಸೌದೆ ಒಟ್ಟುತ್ತಿದ್ದ ತೌನೊ ಅಲ್ಲೇ ಕುಸಿದಿದ್ದ. ಲಕ್ವ ಬಲಗೈಯನ್ನೂ ನಾಲಗೆಯನ್ನೂ ಹಿಡಿಯಿತು. ಅರ್ಥವಾಗುವುದೆಲ್ಲ ಅರ್ಥವಾಗುತ್ತಿತ್ತು, ಆದರೆ ಮಾತು ಒಳಗೇ ಎಲ್ಲೋ ದಾರಿ ತಪ್ಪುತ್ತಿತ್ತು. ಮೊದಲು ಮರಳಿದ್ದು ತಾಯಿಯ ಫಿನ್ನಿಶ್ ನುಡಿಯ ಒಂದೆರಡು ಶಬ್ದ: ಹಾಲು, ಬೂಟು, ಮತ್ತೆ 'ಪೆರ್ಕೆಲೆ' ಎಂಬ ಬೈಗುಳ. ಬೈಗುಳ ಮಾತ್ರ ಗಂಟೆ ಬಾರಿಸಿದಷ್ಟು ಸ್ಪಷ್ಟ.

ಚಳಿಗಾಲವಿಡೀ ಅವನು ಆಸೆಯಿಂದ ಕಾದಿದ್ದು ಈ ಡ್ರಾಫ್ಟ್ ಸಂಜೆಯೊಂದಕ್ಕೇ. ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ಪುಟವನ್ನು ಎಡಗೈಯಿಂದ ತಾನೇ ಎತ್ತಿ ನೋಡುತ್ತಿದ್ದ. ಈಗ ಆ ಕುರ್ಚಿಯೂ ಹೋದರೆ ಅವನು ಮತ್ತೆ ಬಾಯಿ ತೆರೆಯಲು ಹೆಣಗುವುದನ್ನೇ ಬಿಟ್ಟುಬಿಡುತ್ತಾನೆ ಎಂದು ಐಲಾಗೆ ಗೊತ್ತಿತ್ತು.

"ಇಲ್ಲೇ ಆಗತ್ತೆ ಮಾರ್ಸೆಲ್," ಎಂದಳು. "ಆದ್ರೆ ನಾನು ಅವನ ಪಕ್ಕ ಕೂರ್ತೀನಿ, ಅವನ ಮಾತು ಹಿಡಿಯೋಕೆ. ಅಡುಗೆಮನೆ ನಿಮ್ದು."

"ನಮ್ದು ಅಂದ್ರೆ?"

"ನಿಮ್ದು ಅಂದ್ರೆ ನಿಮ್ದೇ. ಮಾಂಸದುಂಡೆ ಕಾಯಿಸೋದು, ಬ್ರೆಡ್ಡು ಕೊಯ್ಯೋದು, ಕಾಫಿ, ತಟ್ಟೆ. ಇವೆಟ್‌ನ ಕರ್ಕೊಂಡು ಬಂದು ಅವಳ ಕೈಲಿ ಮಾಡಿಸೋ ಹಾಗೂ ಇಲ್ಲ."

ಇವೆಟ್ ಎಂದರೆ ಮಾರ್ಸೆಲ್‌ನ ಹೆಂಡತಿ. ಈ ಸಂಜೆಗಳಲ್ಲಿ ಐಲಾಳ ಜೊತೆ ಸಿಂಕಿನ ಮುಂದೆ ನಿಂತೇ ಅವಳ ಕಾಲಿನ ನರ ಉಬ್ಬಿದ್ದವು. ಫೋನಿನ ಹಿಂದೆ ಎಲ್ಲೋ ಅವಳು ಜೋರಾಗಿ ನಕ್ಕಿದ್ದು ಕೇಳಿಸಿತು.

ಉಂಡವರ ನಂತರ ಉಣ್ಣುವುದು ಐಲಾಗೆ ಹುಟ್ಟಿನಿಂದ ಬಂದದ್ದು. ಅವಳ ತಾಯಿ ಕಾಡಿನಲ್ಲಿ ಮರ ಕಡಿಯುವವರಿಗೆ ಊಟ, ಹಾಸಿಗೆ ಕೊಡುವ ಬೋರ್ಡಿಂಗ್ ಮನೆ ನಡೆಸುತ್ತಿದ್ದಳು. ಉದ್ದ ಮೇಜಿನ ತುಂಬ ಗಂಡಸರು. ಅವರೆದ್ದ ಮೇಲೆ ತಾಯಿ ಮಗಳು ಒಲೆಯ ಪಕ್ಕ ನಿಂತು, ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದರು. ಆ ದಿನಗಳಲ್ಲಿ ನದಿ ಹೆಪ್ಪುಗಟ್ಟಿದರೆ ಐಲಾಳೇ ಗೋಲಿನಲ್ಲಿ ನಿಲ್ಲುತ್ತಿದ್ದಳು. ಅಣ್ಣಂದಿರಿಗೆ ಯಾರಿಗೂ ಅಲ್ಲಿ ನಿಲ್ಲುವುದು ಬೇಡವಾಗಿತ್ತು. ಮರಗೆಲಸದವರ ಹಳೆಯ ಬೂಟಿನ ದಪ್ಪ ಬಟ್ಟೆ ಕತ್ತರಿಸಿ ಮೊಣಕಾಲ ಕೆಳಗೆ ಕಟ್ಟಿಕೊಂಡು, ಪಕ್ ಎಂಬ ರಬ್ಬರ್ ಬಿಲ್ಲೆ ಬರುವ ದಾರಿ ನೋಡುತ್ತ ಕಾಯುವುದು ಅವಳಿಗೆ ಇಷ್ಟವಾಗಿತ್ತು. ಊರಿಗೆ ಚಾವಣಿಯಿರುವ ಐಸ್ ಅಂಗಳ ಬಂದಾಗ ಅಲ್ಲಿ ಹುಡುಗಿಯರ ಹಾಕಿಗೆ ಹೊತ್ತೇ ಇರಲಿಲ್ಲ. ಐಲಾ ಮನೆಗೆ ಬಂದು ಆಲೂಗಡ್ಡೆ ಹೆರೆದಳು.

ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ, ತೌನೊ ಜೊತೆ ಮದುವೆ, ಮಗ ಎಸ್ಕೊ. ಎಸ್ಕೊ ಹದಿನಾರರ ತನಕ ಆಡಿದ. ಸೂರ್ಯ ಹುಟ್ಟುವ ಮೊದಲೇ ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಅವನನ್ನು ಆಟಕ್ಕೆ ಒಯ್ದವಳು ಅವಳು. ಸತ್ತ ಮೀನಿನಂತೆ ನಾರುವ ಅವನ ಕೈಗವಸುಗಳನ್ನು ಬಾಯ್ಲರಿನ ಹತ್ತಿರ ನೇತುಹಾಕಿದವಳೂ ಅವಳೇ. ಆಟದ ಬಗ್ಗೆ ಮಾತಾಡುತ್ತಿದ್ದುದು ಮಾತ್ರ ತೌನೊ. "ಎಡಗಡೆಯವನು ಹಿಂದೆ ಬರ್ತಾನೇ ಇಲ್ಲ ನೋಡು" ಎಂದು ಅವಳೇನಾದರೂ ಅಂದರೆ, ತೌನೊ ಇನ್ನಷ್ಟು ಹಾಕೆಂದು ಕಾಫಿ ಲೋಟವನ್ನು ಅವಳ ಕಡೆ ಚಾಚುತ್ತಿದ್ದ.

ಡ್ರಾಫ್ಟ್ ಸಂಜೆ ಇನ್ನೂ ಚೆನ್ನಾಗಿ ಬಿಸಿಲಿತ್ತು. ಕಿಟಕಿಯ ಜಾಲರಿಗೆ ಕರಿನೊಣ ಮುತ್ತಿದ್ದವು. ಮಾರ್ಸೆಲ್ ಬಿಯರ್ ಡಬ್ಬವನ್ನೂ, ಬೊಹ್ದಾನ್ ತನ್ನ ಎರಡು ಮಡಿಕೆಯ ಹೊಟ್ಟೆಯನ್ನೂ ಹೊತ್ತು ಒಳಗೆ ಬಂದರು. ಇವೆಟ್ ಸೋಫಾದ ಮೇಲೆ ಕಾಲು ಚಾಚಿ ಕೂತು, "ಶುರುಮಾಡ್ಕೊಳ್ರಪ್ಪ, ನಂಗೆ ಹಸಿವು," ಎಂದಳು.

ಅಡುಗೆಮನೆಯಿಂದ ಸದ್ದು ಬರತೊಡಗಿತು.

"ಐಲಾ, ಉಪ್ಪೆಲ್ಲಿ?"

"ಒಲೆ ಪಕ್ಕ."

"ಒಲೆ ಪಕ್ಕ ಇರೋದು ಸಕ್ಕರೆ."

"ರುಚಿ ನೋಡ್ದೆ ಏನಾದ್ರೂ ಹಾಕೀಯ. ಅದೇ ಉಪ್ಪು!"

ಪಾತ್ರೆಯೊಂದು ಬಿತ್ತು. ಐಲಾಳ ಮೈ ತಾನಾಗಿಯೇ ಎದ್ದಿತು. ತೌನೊ ಎಡಗೈಯಿಂದ ಅವಳ ತೋಳು ಹಿಡಿದ, ಅವಳು ಕೂತಳು. ಆಮೇಲೆ ನೋಡಿದರೆ ತಾನು ಏಪ್ರನ್ ಕಟ್ಟಿಕೊಂಡೇ ಮೇಜಿಗೆ ಬಂದಿದ್ದಳು. ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

ಮಾಂಸದುಂಡೆಯ ಪಾತ್ರೆಯನ್ನು ಉರಿಯ ಮೇಲೆ ಬಿಟ್ಟು ಗಂಡಸರು ಮೇಜಿಗೆ ಬಂದರು. ಕೋಳಿಯ ಕತ್ತು ತಿರುಗಿತು. ಮೊದಲ ಸರದಿ ಎಂದಿನಂತೆ ಬೊಹ್ದಾನನದು.

"ನಾನು ಸ್ವೀಡನ್ ಹುಡುಗನ್ನ ತಗೋತೀನಿ. ನಡುವಿನಲ್ಲಿ ಆಡೋನು, ಕಣ್ಣು ಬೆನ್ನಲ್ಲೂ ಇದೆ ಅವನಿಗೆ."

"ಲೋ, ನಮ್ಮವರಿಗೆ ಹಿಂದೆ ತಡೆಯೋಕೆ ಗತಿಯಿಲ್ಲ," ಎಂದ ಮಾರ್ಸೆಲ್. "ಹೋದ ವರ್ಷ ನಮ್ಮ ಗೋಲು ರೈಲ್ವೆ ಸ್ಟೇಷನ್ ಆಗಿತ್ತು, ಯಾರು ಬೇಕಾದ್ರೂ ಬರಬಹುದು ಹೋಗಬಹುದು. ತೂತಿರೋ ದೋಣಿಗೆ ಬಣ್ಣ ಹೊಡೀತೀಯಲ್ಲೋ!"

"ಇರೋದ್ರಲ್ಲಿ ಒಳ್ಳೇದನ್ನ ತಗೋಬೇಕು ಮಾರಾಯ. ಕೊರತೆ ನೋಡಿ ಆರಿಸಿದ್ರೆ ಹಸಿದು ಅಂಗಡಿಗೆ ಹೋದ ಹಾಗೆ, ಕಸಾನೆಲ್ಲ ಹೊತ್ಕೊಂಡು ಬರ್ತೀಯ. ಈ ಹುಡುಗರು ಬಲಿಯೋದಕ್ಕೇ ನಾಕು ವರ್ಷ ಬೇಕು, ಅಷ್ಟೊತ್ತಿಗೆ ತೂತು ಬೇರೆ ಕಡೆ ಇರತ್ತೆ."

"ಹಿಂದೊಂದ್ಸಲ ನೀನು ಆರಿಸಿದ 'ಒಳ್ಳೇದು' ಈಗ ಕಾರು ಮಾರ್ತಿದೆ."

"ಒಳ್ಳೆ ಕಾರು!"

ಮಾರ್ಸೆಲ್ ತನ್ನ ಸರದಿಗೆ ಕ್ವಿಬೆಕ್ಕಿನ ಗೋಲ್‌ಕೀಪರನನ್ನು ಹೇಳಿದ. ಎಲ್ಲರೂ ಹೋ ಎಂದರು, ಅವನು ಪ್ರತಿ ವರ್ಷವೂ ಗೋಲ್‌ಕೀಪರನನ್ನೇ ಆರಿಸುವುದು. "ಗೋಲು ಕಾಯೋರು ಉಪ್ಪಿನಕಾಯಿ ಇದ್ದ ಹಾಗೆ," ಎಂದ, "ಜಾಡಿ ಮುಚ್ಚಿಟ್ಟು ಮರೆತುಬಿಡಬೇಕು." "ನಿನ್ನ ಜಾಡಿಗಳೆಲ್ಲ ಬೂಷ್ಟು ಹಿಡಿದಿವೆ," ಎಂದಳು ಇವೆಟ್ ಸೋಫಾದಿಂದ.

ಆಮೇಲೆ ತೌನೊನ ಸರದಿ. ಐಲಾ ಕೋಳಿಯ ಕತ್ತು ತಿರುಗಿಸಿದಳು.

ತೌನೊ ಮುಂದಕ್ಕೆ ಬಾಗಿದ. ತುಟಿ ಒಂದಕ್ಕೊಂದು ಒತ್ತಿತು, ಬಿಟ್ಟಿತು. ಕತ್ತಿನ ನರ ಎದ್ದಿತು. ಪುಸ್ಸೆಂದು ಉಸಿರಷ್ಟೇ ಹೊರಬಂತು. ಬೊಹ್ದಾನ್ ತನ್ನ ಬಿಯರ್ ಬಾಟಲಿಯ ಚೀಟಿ ಕೆರೆಯತೊಡಗಿದ. ಮಾರ್ಸೆಲ್‌ಗೆ ನೋಡಲಾಗಲಿಲ್ಲ.

"ಇನ್ಯಾರು, ಹೂಕ್‌ಸ್ಟ್ರಾನೇ," ಎಂದ ಮಾರ್ಸೆಲ್ ಮೆತ್ತಗೆ. "ಆರಡಿ ಐದಂಗುಲ. ತೌನೊ ಯಾವತ್ತೂ ದೊಡ್ಡ ಡಿಫೆನ್ಸ್‌ನವನನ್ನೇ ತಾನೇ ತಗೊಳೋದು. ಅಲ್ವೇನೋ? ತಗೋ, ಬರ್ಕೊಂಡೆ." ಬಿಯರ್ ಡಬ್ಬದ ರಟ್ಟಿನ ಮೇಲೆ ಹೆಸರು ಗೀಚಿದ.

"ಪೆರ್ಕೆಲೆ!"

ತೌನೊನ ಎಡಗೈ ಮೇಜಿಗೆ ಬಡಿಯಿತು. ಲೋಟಗಳು ಹಾರಿ ಕೂತವು.

ಐಲಾಗೆ ಸಿಟ್ಟು ಬಂತು, ಮಾರ್ಸೆಲ್‌ನ ಮೇಲೆ. ಅರೆಕ್ಷಣದಲ್ಲಿ ಅದು ತಿರುಗಿ ತನ್ನ ಕಡೆಗೇ ಬಂತು. ಅವಳೂ ಹೂಕ್‌ಸ್ಟ್ರಾ ಎಂದೇ ಅಂದುಕೊಂಡಿದ್ದಳು, ಹೆಸರು ಅವಳ ಬಾಯಿಯ ತುದಿಯಲ್ಲೂ ಇತ್ತು. ಚಳಿಗಾಲವಿಡೀ ಅವಳು ಮಾಡಿದ್ದೂ ಅದನ್ನೇ: ಅವನು ಬಾಯಿ ತೆರೆಯುವುದರೊಳಗೆ ಸೂಪಾ, ಕಂಬಳಿಯಾ, ಕಿಟಕಿ ತೆಗೀಲಾ ಎಂದು ಕೇಳಿ ಮಾತು ಮುಗಿಸುವುದು. ಪ್ರೀತಿಯೇ ಅದು. ಕೆಲಸ ಬೇಗ ಮುಗಿಯಲಿ ಎಂಬ ಅವಸರವೂ ಹೌದು. ಒಲೆಯ ಮೇಲೆ ಇನ್ನೊಂದು ಕೆಲಸ ಯಾವಾಗಲೂ ಕಾದಿರುತ್ತಿತ್ತು.

ಇವತ್ತು ಒಲೆಯ ಮೇಲಿನದು ಅವಳದಲ್ಲ.

ಕೋಳಿ ಟಿಕ್ ಟಿಕ್ ಎನ್ನುತ್ತಿತ್ತು. ಐಲಾ ಕೈಚಾಚಿ ಅದನ್ನೆತ್ತಿಕೊಂಡು, ಏಲಕ್ಕಿ ಬ್ರೆಡ್ಡಿನ ಬುಟ್ಟಿಯಲ್ಲಿ ಬಟ್ಟೆಯ ಕೆಳಗೆ ತೂರಿಸಿದಳು.

"ಏಯ್, ನಿಯಮ ನಿಯಮಾನೇ," ಎಂದ ಬೊಹ್ದಾನ್. "ನನ್ನ ಸರದಿ ಎರಡು ಸಲ ಹೋಗಿದೆ ಈ ಕೋಳಿಯಿಂದ."

"ಇಷ್ಟು ವರ್ಷ ನನ್ನ ಅಡುಗೆಮನೆಯಿಂದ ಕೊಟ್ಟಿದ್ದೆ. ಈಗ ವಾಪಸ್ ತಗೊಂಡೆ. ಬೇಕಾದ್ರೆ ನಿನ್ನ ಮನೆಯಿಂದ ಕೋಳಿ ತಂದ್ಕೋ." ಅವಳು ಗಂಡನ ಕಡೆ ತಿರುಗಿದಳು. "ನಿಧಾನಕ್ಕೆ ಹೇಳು. ನಾವು ಎಲ್ಲೂ ಹೋಗಲ್ಲ."

ಕಾದರು. ಗೋಲಿನಲ್ಲಿ ನಿಂತವರಿಗೆ ಗೊತ್ತಿರುವ ಕಾಯುವಿಕೆ ಅದು, ಮುಂದೆ ನುಗ್ಗುವ ಹಾಗಿಲ್ಲ, ಕಣ್ಣು ಕೀಳುವ ಹಾಗಿಲ್ಲ. ಬುಟ್ಟಿಯೊಳಗಿಂದ ಕೋಳಿ ಕೂಗಿತು, ಬಟ್ಟೆಯ ಕೆಳಗೆ ಕೆಮ್ಮಿದಂತೆ. ಯಾರೂ ಅಲುಗಲಿಲ್ಲ. ಅಡುಗೆಮನೆಯಿಂದ ಸೀದ ವಾಸನೆ ಬಂತು. ಇವೆಟ್ ಮೂಗು ಮೇಲೆತ್ತಿ ಗಂಡನನ್ನು ನೋಡಿದಳು. ಮಾರ್ಸೆಲ್ ಏಳಲು ಹೋದ, ಬೊಹ್ದಾನ್ ಅವನ ಅಂಗಿ ಹಿಡಿದು ಕೂರಿಸಿದ.

"ಪಿ..." ಎಂದ ತೌನೊ. ಬೆವರು ಹಣೆಯಿಂದ ಹುಬ್ಬಿಗೆ ಇಳಿಯಿತು. "ಪಿ... ಪಿಕ್ಕು."

"ಏನಂದ?" ಎಂದ ಬೊಹ್ದಾನ್.

"ಚಿಕ್ಕವನು," ಎಂದಳು ಐಲಾ. "ನಮ್ಮ ಭಾಷೇಲಿ."

"ಯಾವ ಚಿಕ್ಕವನು? ಪಶ್ಚಿಮದ ಪ್ರೇರಿ ಬಯಲಿನ ಡೆಸ್ನೋಮಿ ಅನ್ನೋನಾ?" ಎಂದ ಬೊಹ್ದಾನ್. "ಐದಡಿ ಏಳು! ತೌನೊ ತನ್ನ ಜನ್ಮದಲ್ಲಿ ಕುಳ್ಳನ್ನ ಆರಿಸಿದೋನಲ್ಲ. ನಿಜ ಹೇಳು ಐಲಾ, ಇದು ಅವನ ಆಯ್ಕೇನಾ, ನಿಂದಾ?"

ತೌನೊ ನಗತೊಡಗಿದ. ಬಾಯಿಯ ಒಂದೇ ಬದಿಗೆ ನಗು, ಭುಜವೆಲ್ಲ ಕುಲುಕುತ್ತಿತ್ತು. ಎಡಗೈ ಬೆರಳಿನಿಂದ ತನ್ನ ಎದೆ ತೋರಿಸಿದ. ಆಮೇಲೆ ಆ ಬೆರಳಿನಿಂದಲೇ ಐಲಾಳನ್ನು ತೋರಿಸಿದ, ಆಮೇಲೆ ತನ್ನ ಕಿವಿಯನ್ನು.

ಐಲಾಗೆ ಚಳಿಗಾಲದ ಸಂಜೆಗಳು ನೆನಪಾದವು. ಅವನು ಟೀವಿಯ ಮುಂದೆ, ಅವಳು ಪಕ್ಕದಲ್ಲಿ ಒಗೆದ ಬಟ್ಟೆ ಮಡಿಸುತ್ತ ಕಿರಿಯರ ಆಟ ನೋಡುತ್ತಿದ್ದದ್ದು. ಆ ಮನೆಯಲ್ಲಿ ಮಾತು ಅವಳೊಬ್ಬಳದೇ ಆಗಿತ್ತು. "ಆ ಚಿಕ್ಕವನನ್ನ ನೋಡು ತೌನೊ," ಎಂದಿದ್ದಳು, ಕಾಲುಚೀಲಕ್ಕೆ ಜೋಡಿ ಹುಡುಕುತ್ತ. "ದೊಡ್ಡೋರು ಗೋಡೆಗೆ ಒತ್ತಿದ್ರೂ ಪಕ್ ಬಿಡಲ್ಲ. ಬಿದ್ರೆ ಮೊದಲು ಏಳೋನೂ ಅವನೇ." ಎಷ್ಟು ಸಲ ಹೇಳಿದ್ದಳೋ. ಗೋಡೆಗೆ ಹೇಳಿಕೊಂಡಂತೆ ಹೇಳಿದ್ದು ಅದು. ಇಷ್ಟು ವರ್ಷಗಳ ಅಭ್ಯಾಸ. ಲೋಟ ಚಾಚುತ್ತಿದ್ದ ಬಲಗೈ ಬಿದ್ದುಹೋಗಿ ಕೂತವನು ಈ ಸಲ ಕೇಳಿಸಿಕೊಂಡಿದ್ದ.

"ಅವನ ಆಯ್ಕೇನೇ," ಎಂದಳು. "ಬರ್ಕೋ ಮಾರ್ಸೆಲ್."

ಮಾರ್ಸೆಲ್ ಹಳೆಯದನ್ನು ಹೊಡೆದುಹಾಕಿ ಬರೆದ, ಎದ್ದ, ತೌನೊನ ಬೋಳುತಲೆಗೆ ಒಂದು ಮುತ್ತು ಕೊಟ್ಟ, ಅಡುಗೆಮನೆಗೆ ಓಡಿದ.

ಉಂಡೆಗಳ ಅಡಿ ಕರಿಯಾಗಿತ್ತು. ಬೊಹ್ದಾನ್ ಅದನ್ನು ಮೇಲೆ ಕಾಣದ ಹಾಗೆ ತಟ್ಟೆಗೆ ಜೋಡಿಸಿ ಮೊದಲ ತಟ್ಟೆಯನ್ನು ಐಲಾಳ ಮುಂದಿಟ್ಟ. ಆವಿ ಏಳುತ್ತಿತ್ತು. ಬಾಯಿಗಿಟ್ಟು ನಾಲಗೆ ಸುಟ್ಟುಕೊಂಡಳು. ಇಷ್ಟು ಬಿಸಿಯಾಗಿ ತಿಂದು ಅವಳಿಗೆ ಅಭ್ಯಾಸವಿರಲಿಲ್ಲ.

"ಮುಂದಿನ ವರ್ಷ ನಾಕು ಸರದಿ ಇಡೋಣ," ಎಂದ ಮಾರ್ಸೆಲ್. "ಐಲಾಗೂ ಒಂದು."

"ಮುಂದಿನ ವರ್ಷ ಯಾಕೆ?" ಎಂದಳು ಐಲಾ ಬಾಯಿ ತುಂಬಿಕೊಂಡು. "ಹೂಕ್‌ಸ್ಟ್ರಾ ಹಾಗೇ ಉಳಿದಿದಾನಲ್ಲ. ಅವನು ನಂಗೆ."

"ಕುಳ್ಳನ್ನ ಮೆಚ್ಚಿದೋಳು ನೀನು!"

"ಮೆಚ್ಚೋದು ಬೇರೆ. ನಮ್ಮವರ ಗೋಲು ರೈಲ್ವೆ ಸ್ಟೇಷನ್ ಆಗಿದೆ ಅಂದೋನು ನೀನೇ ತಾನೇ."

ಟೀವಿಯಲ್ಲಿ ನಮ್ಮವರ ಯಜಮಾನ ವೇದಿಕೆ ಹತ್ತಿದ. ಎಲ್ಲರ ಮುಳ್ಳುಚಮಚಗಳು ಗಾಳಿಯಲ್ಲೇ ನಿಂತವು. ಅವನು ಯಾರ‍್ಯಾರಿಗೋ ಧನ್ಯವಾದ ಹೇಳಿ, ಕೊನೆಗೆ ಹೂಕ್‌ಸ್ಟ್ರಾನ ಹೆಸರು ಕರೆದ. ಇವೆಟ್ ಸೋಫಾದ ಮೇಲೇ ಎದ್ದು ನಿಂತು ಶಿಳ್ಳೆ ಹೊಡೆದಳು.

"ಪೆರ್ಕೆಲೆ," ಎಂದ ತೌನೊ ಹೆಂಡತಿಗೆ, ಬಹಳ ಸ್ಪಷ್ಟವಾಗಿ, ಬಹಳ ಅಕ್ಕರೆಯಿಂದ.

ಡೆಸ್ನೋಮಿಯ ಹೆಸರು ಆ ಸಂಜೆ ಯಾವ ತಂಡದ ಬಾಯಲ್ಲೂ ಬರಲಿಲ್ಲ. ತೌನೊಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಅವನು ಬುಟ್ಟಿಗೆ ಕೈಹಾಕಿ ಬ್ರೆಡ್ಡಿನ ಪುಡಿ ಮೆತ್ತಿದ್ದ ಕೋಳಿಯನ್ನು ಹೊರತೆಗೆದ. ಎದೆಗೆ ಅವುಚಿ ಹಿಡಿದು, ಎಡಗೈ ಒಂದರಿಂದಲೇ ಅದರ ಕತ್ತು ತಿರುಗಿಸಿದ. ಯಾರೂ ಸಹಾಯಕ್ಕೆ ಹೋಗಲಿಲ್ಲ. ಟಿಕ್ ಟಿಕ್ ಶುರುವಾದ ಮೇಲೆ ಅದನ್ನು ಬೊಹ್ದಾನನ ಮುಂದೆ ತಳ್ಳಿ, ಗಲ್ಲವೆತ್ತಿ ತೊಳೆಯದ ಪಾತ್ರೆ ತುಂಬಿದ ಸಿಂಕಿನ ಕಡೆ ತೋರಿಸಿದ.