ಟೋಕನ್ ನಂಬರ್ ತ್ರೀ

ಕಳೆದ ವರ್ಷ ನನಗೆ ವಿಜಯವಾಡದ ಬ್ಯಾಂಕ್ ಶಾಖೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಮಗಳು ಧೃತಿಗೆ ಆರು ವರ್ಷ. ಅವಳಿಗೆ ಆಟಿಸಂ ಇದೆ. ಬೇಕಾದ್ದನ್ನು ಕೈಹಿಡಿದು ಎಳೆದು ತೋರಿಸುವಳೇ ಹೊರತು ಯಾರನ್ನೂ ಕರೆಯುತ್ತಿರಲಿಲ್ಲ. ಆಟಕ್ಕೆಂದು ನಾನು ಪಕ್ಕದಲ್ಲಿ ಕೂತರೆ ಎದ್ದು ಹೋಗುತ್ತಿದ್ದಳು. ಒಂದು ಸಲ ‘ಅಪ್ಪ’ ಅನ್ನಲಿ ಎಂದು ನಾನು ಕಾಯದ ದಿನವಿಲ್ಲ.

ಅವಳ ಬಾಯಲ್ಲಿ ಸ್ಪಷ್ಟವಾಗಿ ಬರುತ್ತಿದ್ದದ್ದು ಒಂದೇ ಮಾತು. ವಿಜಯವಾಡದಲ್ಲಿ ಒಮ್ಮೆ ಬ್ಯಾಂಕಿಗೆ ಬಂದಾಗ, ಗ್ರಾಹಕರನ್ನು ಸರದಿಯಂತೆ ಕರೆಯುವ ಯಂತ್ರದ ದನಿ ಕೇಳಿದ್ದಳು. ಅಂದಿನಿಂದ ಬೆಳಿಗ್ಗೆ ಎದ್ದರೆ ‘ಟೋಕನ್ ನಂಬರ್ ಟ್ವೆಲ್ವ್, ಕೌಂಟರ್ ನಂಬರ್ ಟೂ.’ “ನಿಮ್ ಬ್ಯಾಂಕು ಮನೀಗೂ ಬಂತಲ್ರೀ” ಎಂದು ಹೆಂಡತಿ ಸುಮಾ ನಗುತ್ತಿದ್ದಳು. ನನಗೆ ಮಾತ್ರ ತಲೆ ಚಿಟ್ಟು ಹಿಡಿಯುತ್ತಿತ್ತು. ದಿನವಿಡೀ ಅದನ್ನೇ ಕೇಳಿ ಬಂದವನು ಮನೆಯಲ್ಲೂ ಕೇಳಬೇಕೆ? ಸಾಕು, ಸುಮ್ಮನಿರು ಎಂದು ಗದರುತ್ತಿದ್ದೆ.

ವಿಶಾಖಪಟ್ಟಣದ ಥೆರಪಿ ಕೇಂದ್ರದಲ್ಲಿ ಮೊಣಕಾಲೆತ್ತರದ ಒಂದು ರೋಬೋಟ್ ಇತ್ತು. ಎಐ ತಂತ್ರಜ್ಞಾನದಿಂದ ಮಗುವಿನ ಮುಖಭಾವ ಗುರುತಿಸಿ, ಮಗು ಬೆದರಿದರೆ ತಾನೇ ದನಿ ತಗ್ಗಿಸುತ್ತಿತ್ತು. ನನ್ನಲ್ಲಿಲ್ಲದ ಗುಣ ಅದು. ಒಮ್ಮೆ ನೀನು, ಒಮ್ಮೆ ನಾನು ಎಂದು ಚೆಂಡು ಉರುಳಿಸುವ ಆಟವನ್ನು ಅದು ಕಲಿಸಬೇಕಿತ್ತು. ಒಂದು ತಿಂಗಳಾದರೂ ಧೃತಿ ಅದಕ್ಕೆ ಬೆನ್ನು ತಿರುಗಿಸಿಯೇ ಕೂತಳು. ಚೆಂಡನ್ನಂತೂ ಬಿಟ್ಟುಕೊಡಲಿಲ್ಲ.

ಒಂದು ದಿನ ರೋಬೋಟ್ ‘ಈಗ ನನ್ನ ಸರದಿ’ ಎಂದು ಕೇಳುತ್ತಿದ್ದಾಗ ಅವಳು ತನ್ನ ಟೋಕನ್ ರಾಗ ಶುರುಮಾಡಿದಳು. ಥೆರಪಿಸ್ಟ್ ಪದ್ಮಾ ಗಾರು ಇದೇನೆಂದು ಕೇಳಿದರು. ನಾಚಿಕೊಂಡೇ ಹೇಳಿದೆ. ಆಕೆಯ ಮುಖ ಅರಳಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ತೆಲುಗಿನಲ್ಲಿ ತರಾಟೆಗೆ ತೆಗೆದುಕೊಂಡು, ನನ್ನಿಂದಲೇ ಟೋಕನ್ ಕೂಗಿಸಿ ರೆಕಾರ್ಡ್ ಮಾಡಿಕೊಂಡರು.

ಮುಂದಿನ ವಾರ ನಾನು ರಜೆ ಹಾಕಿ ಹೋದೆ. ಸುಮಾಳೂ ನಾನೂ ಬಾಗಿಲ ಬಳಿ ನಿಂತಿದ್ದೆವು. ರೋಬೋಟ್ ನನ್ನ ದನಿಯಲ್ಲಿ ‘ಟೋಕನ್ ನಂಬರ್ ಒನ್, ಧೃತಿ’ ಎಂದಿತು. ಅವಳು ಗಕ್ಕನೆ ತಿರುಗಿ ಚೆಂಡು ಉರುಳಿಸಿದಳು. ‘ಟೋಕನ್ ನಂಬರ್ ಟೂ, ರೋಬೋ’ ಎಂದು ಅದು ತನ್ನನ್ನೇ ಕರೆದುಕೊಂಡು ಚೆಂಡನ್ನು ವಾಪಸ್ ತಳ್ಳುವವರೆಗೆ ಕಾದು ಕೂತಳು. ನಮ್ಮ ಗ್ರಾಹಕರೂ ಅಷ್ಟು ತಾಳ್ಮೆಯಿಂದ ಕಾಯುವುದಿಲ್ಲ.

ನಾಲ್ಕೈದು ಸುತ್ತಾಯಿತು. ಆಮೇಲೆ ಧೃತಿ ಚೆಂಡನ್ನು ಎದೆಗೊತ್ತಿಕೊಂಡು ಬಾಗಿಲ ಕಡೆ ನೋಡಿದಳು.

“ಟೋಕನ್ ನಂಬರ್ ತ್ರೀ, ಅಪ್ಪ.”

ನನಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. “ಮೀ ನಂಬರ್ ವಚ್ಚಿಂದಿ ಸಾರ್, ವೆಳ್ಳಂಡಿ” ಎಂದರು ಪದ್ಮಾ ಗಾರು. ನಿಮ್ಮ ನಂಬರ್ ಬಂತು, ಹೋಗಿ ಎಂದು ನಗುತ್ತಾ ನನ್ನನ್ನು ಒಳಗೆ ದಬ್ಬಿಯೇಬಿಟ್ಟರು. ನಾನು ಹೋಗಿ ನೆಲದ ಮೇಲೆ ಕೂತೆ. ಧೃತಿ ಎದ್ದು ಹೋಗಲಿಲ್ಲ. ಚೆಂಡನ್ನು ನನ್ನ ಕಡೆ ಉರುಳಿಸಿದಳು.

ನಾನು ಗದರಿ ನಿಲ್ಲಿಸುತ್ತಿದ್ದ ಮಾತಿನಿಂದಲೇ ಮಗಳು ನನ್ನನ್ನು ಕರೆದಳಲ್ಲ ಎಂದು ನೆನೆದಾಗಲೆಲ್ಲ ನಾಚಿಕೆ, ಸಂತೋಷ ಎರಡೂ ಒಟ್ಟಿಗೇ ಬರುತ್ತವೆ. ಈಗ ನಮ್ಮ ಮನೆಯಲ್ಲಿ ಸ್ಕೂಟರ್ ಹತ್ತಲೂ ಟೋಕನ್, ಊಟಕ್ಕೂ ಟೋಕನ್. ಮೊನ್ನೆ ನನಗೆ ಸಿಕ್ಕಿದ್ದು ಕೊನೆಯ ನಂಬರ್. ಅನ್ನ ಆರಿಹೋಗಿತ್ತು. ಆದರೂ ಅವಳು ಕರೆಯುವವರೆಗೆ ಕೈಕಟ್ಟಿಕೊಂಡು ಕಾದೆ.