ಅಪ್ಪನ ಗಾದಿ ತೆಗೆಸಿದ್ದು

ಮಂಡಿಪೇಟೆಯ ನಮ್ಮ ಬೇಳೆ ಅಂಗಡಿಯಲ್ಲಿ ಮೊದಲು ಕುರ್ಚಿಯೇ ಇರಲಿಲ್ಲ. ಒಳಗೆ ಕಾಲಿಟ್ಟರೆ ಎದುರಿಗೇ ನೆಲದ ಮೇಲೆ ಹಾಸಿದ ಹತ್ತಿಯ ಗಾದಿ, ಅದಕ್ಕೊಂದು ಬಿಳಿ ಹೊದಿಕೆ, ಒರಗಲು ಲೋಡು. ಅಪ್ಪ ಚಕ್ಕಳಮಕ್ಕಳ ಹಾಕಿ ಕೂತರೆ ಅದೇ ಅವರ ಆಫೀಸು. ಆದರೆ ಕೂತಿದ್ದಕ್ಕಿಂತ ಎದ್ದಿದ್ದೇ ಹೆಚ್ಚು. ಯಾರೇ ಬರಲಿ, ಒಂದು ಚೀಲ ಒಯ್ಯುವ ಚಿಲ್ಲರೆ ವ್ಯಾಪಾರಿಯೇ ಬರಲಿ, ಎದ್ದು ನಿಂತು ಕೈ ಮುಗಿದು "ಬರ್ರಿ, ಕೂಡ್ರಿ" ಅನ್ನಬೇಕು. ಕೂತಲ್ಲೇ ಕರೆದರೆ ಬಂದವರಿಗೆ ಅವಮಾನ ಎನ್ನುವುದು ಪೇಟೆಯ ಹಳಬರ ರೀತಿ. ಬೆಳಗಿನಿಂದ ಸಂಜೆಯವರೆಗೆ ಅಪ್ಪ ಎದ್ದು ಕೂತು, ಎದ್ದು ಕೂತು ಮಾಡುತ್ತಲೇ ಇರುತ್ತಿದ್ದರು.

ಅವರಿಗೆ ಎಪ್ಪತ್ತು ತುಂಬಿದಾಗ ನನಗೆ ಮಗನ ಧರ್ಮ ನೆನಪಾಯಿತು. ಗಾದಿ ಸುತ್ತಿಸಿ ಅಟ್ಟಕ್ಕೆ ಹಾಕಿಸಿದೆ. ಮೇಜು ಹಾಕಿಸಿ, ಮೆತ್ತನೆಯ ತಿರುಗುವ ಕುರ್ಚಿ ತಂದೆ. "ಇನ್ನ ನೀ ಯಾರಿಗೂ ಏಳಬ್ಯಾಡಪ್ಪ, ಆರಾಮ ಕೂತ್ಕ" ಅಂದೆ. ಕೆ.ಬಿ. ಬಡಾವಣೆಯ ಮನೆಯಿಂದ ನಡೆದು ಬರುತ್ತಿದ್ದವರನ್ನು ಕಾರಿನಲ್ಲಿ ಕೂರಿಸಿದೆ. ಪೇಟೆಯವರು ಹೊಗಳಿದರು, ನಾನೂ ಬೀಗಿದೆ. ಅಂಥ ದಡ್ಡ ನಾನು.

ಹರಿಹರದಿಂದ ವರ್ಷಕ್ಕೊಮ್ಮೆ ಬಂದು ಗಾದಿಯ ಹತ್ತಿ ಬಿಡಿಸಿ, ಹಿಂಜಿ, ಮತ್ತೆ ತುಂಬಿ ಹೊಲಿಯುವ ಸಾಹೇಬರೊಬ್ಬರಿದ್ದರು. ಅಪ್ಪನ ವಾರಗೆಯವರು. ಆ ವರ್ಷ ಬಂದವರು ಕುರ್ಚಿ ನೋಡಿ, "ಗಾದಿ ಯಾಕ ತೆಗೆಸಿದ್ರಿ?" ಅಂದರು.

"ಅಪ್ಪಂಗೆ ವಯಸ್ಸಾತಲ್ಲ."

"ವಯಸ್ಸು ನಂಗೂ ಆಗೈತೆ" ಅಂದು ಹೊರಟರು. ಕೆಲಸ ತಪ್ಪಿದ ಸಿಟ್ಟು ಅಂದುಕೊಂಡೆ.

ಮೂರು ವರ್ಷಕ್ಕೆ ಅಪ್ಪನ ತೊಡೆಗಳು ಪಂಚೆಯೊಳಗೆ ಸೊರಗಿದವು. ಕುರ್ಚಿಯ ಕೈ ಒತ್ತದೆ ಏಳಲಾಗುತ್ತಿರಲಿಲ್ಲ. ಡಾಕ್ಟರು ನೋಡಿ, "ಮೂಳೆ ಗಟ್ಟಿ ಐತೆ. ಕೆಲ್ಸ ಇಲ್ದೆ ತೊಡೆ ಸ್ನಾಯು ಕರಗಿದಾವೆ. ಈ ವಯಸ್ಸಲ್ಲಿ ಬೇಗ ಕರಗ್ತಾವೆ, ಆದ್ರೆ ಈಗ್ಲೂ ಕೆಲ್ಸ ಕೊಟ್ರೆ ಬಲ ಬರ್ತೈತೆ. ದಿನಾ ಕುರ್ಚಿಯಿಂದ ಎಬ್ಬಿಸಿ ಕೂರ್ಸಿ. ನೀವು ಮಾತ್ರ ಕೈ ಕೊಡಬ್ಯಾಡ್ರಿ" ಅಂದರು.

ಮಾಡಿಸಿದೆ. ಮೂರನೇ ಸಲಕ್ಕೆ ಅಪ್ಪನ ಕಾಲು ಗಡಗಡ ನಡುಗುತ್ತಿತ್ತು. ನನ್ನಿಂದ ನೋಡಲಾಗುತ್ತಿರಲಿಲ್ಲ, ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಿದ್ದೆ. "ತಡಿಯೋ, ನಾನೇ ಏಳ್ತೀನಿ" ಅನ್ನುತ್ತಿದ್ದರು. ಬರಬರುತ್ತಾ ಹಾಗನ್ನುವುದನ್ನೂ ಬಿಟ್ಟರು.

ಕಳೆದ ವರ್ಷ ಸಾಹೇಬರು ಮೊಮ್ಮಗಳ ಮದುವೆಗೆ ಕರೆಯಲು ಮನೆಗೆ ಬಂದರು. ಅಪ್ಪ ಕೈ ಮುಗಿದು ಏಳಲು ಹವಣಿಸಿದರು. ನಾನು ರೂಢಿಯಂತೆ ಭುಜ ಒತ್ತಿ ಕೂರಿಸಿದೆ. ಸಾಹೇಬರು ನೆಲದ ಮೇಲೇ ಕೂತು ಚಾ ಕುಡಿದರು, ಏನನ್ನೂ ಹಿಡಿಯದೆ ಎದ್ದರು. ದಿನಕ್ಕೆ ಐದು ಹೊತ್ತು ನಮಾಜಿಗೆ ನೆಲಕ್ಕೆ ಬಾಗಿ ಏಳುವ ಕಾಲುಗಳು ಅವು. ಅವರು ಹೋದ ಮೇಲೆ ಅಪ್ಪ, "ಅವ್ನು ಬಂದಾಗ ನಾ ಯಾವತ್ತೂ ಕೂತಿದ್ದಿಲ್ಲ" ಅಂದರು. ಅಷ್ಟೊಂದು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. "ಏಳಪ್ಪ, ನಾ ಮುಟ್ಟಲ್ಲ" ಅಂದೆ. ಅಪ್ಪ ಮುಂದಕ್ಕೆ ಬಾಗಿ, ಒಂದು ಗೇಣು ಎದ್ದು ಕುಸಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಮೂರನೆಯ ಸಲ ಪ್ರಯತ್ನಿಸಲೇ ಇಲ್ಲ. ನನ್ನ ಮುಖ ನೋಡಿ ಕೈ ಚಾಚಿದರು.